ಘನ ಮೀಟರಿಗೆ ನೂರಿಪ್ಪತ್ತು ಕಿಲೊ

ನಮ್ಮ ಹೆಂಗಸರ ಮೇಲೆ ಬಂದ ಕಳ್ಳತನದ ಆರೋಪ ಒಂದು ಗುಣಾಕಾರದ ರೂಪದಲ್ಲಿತ್ತು. ಐದೂವರೆಯನ್ನು ನೂರಿಪ್ಪತ್ತರಿಂದ ಗುಣಿಸಿದರೆ ಆರುನೂರ ಅರವತ್ತು. ಮುಂಬಯಿಯ ಪವಾಯಿಯಲ್ಲಿನ ಒಂದಷ್ಟು ಬಹುಮಹಡಿ ಕಟ್ಟಡಗಳು ಸೇರಿ ಮಾಡಿಕೊಂಡಿದ್ದ ಒಕ್ಕೂಟದ ಸೆಕ್ರೆಟರಿ ಅದನ್ನು ಬಿಳಿ ಹಾಳೆಯ ಮೇಲೆ ಬರೆದು, ಉತ್ತರದ ಕೆಳಗೆ ಎರಡು ಗೆರೆ ಎಳೆದು, ಹಾಳೆಯನ್ನು ನನ್ನ ಕಡೆ ತಳ್ಳಿದರು.

“ಸಿಂಪಲ್ ಲೆಕ್ಕ ಮೇಡಮ್. ಕಸದ ಗಾಡಿ ದಿನಕ್ಕೆ ಒಂದು ಟ್ರಿಪ್ ಬರತ್ತೆ. ಅದರ ವಾಲ್ಯೂಮ್ ಐದೂವರೆ ಘನ ಮೀಟರ್. ಒಣ ಕಸ ಘನ ಮೀಟರಿಗೆ ನೂರಿಪ್ಪತ್ತು ಕಿಲೊ. ಅಂದ್ರೆ ನಿಮ್ಮ ಶೆಡ್ಡಿನ ಒಳಗೆ ದಿನಾ ಹೋಗ್ತಿರೋದು ಆರುನೂರ ಅರವತ್ತು. ನಿಮ್ಮ ರಿಜಿಸ್ಟರ್‌ನಲ್ಲಿ ಹೊರಗೆ ಹೋಗ್ತಿರೋದು ಮುನ್ನೂರ ಹತ್ತು. ಉಳಿದ ಮುನ್ನೂರೈವತ್ತು ಎಲ್ಲಿ?”

ಅವರು ಮೈಸೂರು ಕಡೆಯವರು, ದೊಡ್ಡ ಕಂಪನಿಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ನನ್ನ ಮನೆತನ ಧಾರವಾಡದ್ದು ಎಂದು ಗೊತ್ತಾದ ದಿನದಿಂದ ನನ್ನ ಜೊತೆ ಕನ್ನಡದಲ್ಲೇ ಮಾತು. ಆವತ್ತು ಮಾತ್ರ ಅವರು ಇಂಗ್ಲಿಷಿನಲ್ಲೇ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿತು.

“ನಮ್ಮ ಹೆಂಗಸರು ಕದೀತಾರೆ ಅಂತೀರಾ?” ಎಂದೆ.

“ನಾನು ಯಾರನ್ನೂ ಕಳ್ಳರು ಅಂತಿಲ್ಲ. ಲೀಕೇಜ್ ಇದೆ ಅಂತಿದೀನಿ, ಅಷ್ಟೆ. ಕಮಿಟಿ ಮೀಟಿಂಗ್‌ನಲ್ಲಿ ಅದು ಮಿನಿಟ್ಸ್ ಆಗಿದೆ. ತಿಂಗಳ ಕೊನೆಗೆ ಜಾಗ ಖಾಲಿ ಮಾಡಿ. ಬೇರೆ ಏಜೆನ್ಸಿ ಬರತ್ತೆ.”

ಜಾಗ ಎಂದರೆ ಒಕ್ಕೂಟದ ಪಂಪ್‌ಹೌಸಿನ ಹಿಂದೆ, ಕಾಂಪೌಂಡಿಗೆ ತಾಗಿ ನಿಂತ ತಗಡಿನ ಶೆಡ್ಡು. ಅಲ್ಲಿ ಹನ್ನೊಂದು ಹೆಂಗಸರು ಆ ಕಟ್ಟಡಗಳ ಒಣ ಕಸವನ್ನು ವಿಂಗಡಿಸುತ್ತಿದ್ದರು: ರಟ್ಟು, ಬಾಟಲಿ, ಹಾಲಿನ ಕವರು, ಗಾಜು, ಡಬ್ಬಿ. ಹೆಚ್ಚಿನವರು ವಿಜಯಪುರ ಜಿಲ್ಲೆಯ ಕಡೆಯಿಂದ ಬಂದು ಇಲ್ಲಿನ ಗುಡ್ಡದ ಚಾಳುಗಳಲ್ಲಿ ನೆಲೆಸಿದವರು. ಅದಕ್ಕೂ ಮೊದಲು ಅವರೆಲ್ಲ ರಸ್ತೆ ಬದಿಯ ಕಸದ ಡಬ್ಬಿಗಳಲ್ಲಿ ಕೈ ಹಾಕಿ ಆರಿಸುತ್ತಿದ್ದವರು. ತಲೆಯ ಮೇಲೆ ಸೂರು, ಕೈಗೆ ಗ್ಲೌಸು, ಕುಡಿಯಲು ನಲ್ಲಿ, ಹೋಗಲು ಶೌಚಾಲಯ, ಇಷ್ಟು ಆ ಶೆಡ್ಡಿನಿಂದ ಬಂದಿತ್ತು. ಅವರ ದಾಖಲೆ ನೋಡಿಕೊಳ್ಳುವ ಸಣ್ಣ ಸಂಸ್ಥೆಯೊಂದರ ಮೇಲ್ವಿಚಾರಕಿ ನಾನು. ಶೆಡ್ಡು ಹೋದರೆ ಅವರು ಮತ್ತೆ ರಸ್ತೆಗೆ, ಅದೂ ಕಳ್ಳಿಯರೆಂಬ ಹೆಸರು ಹೊತ್ತುಕೊಂಡು. ಆ ಹೆಸರಿನ ಹೆಂಗಸರನ್ನು ಪವಾಯಿಯ ಯಾವ ಗೇಟೂ ಒಳಗೆ ಬಿಡುವುದಿಲ್ಲ.

“ಈ ನೂರಿಪ್ಪತ್ತನ್ನು ತೂಗಿದ್ದು ಯಾರು ಸರ್?” ಎಂದು ಕೇಳಿದೆ.

“ತೂಗೋದೇನು ಬಂತು? ಅದು ಸ್ಟ್ಯಾಂಡರ್ಡ್ ಫಿಗರ್. ಎಲ್ಲ ಟೇಬಲ್‌ನಲ್ಲೂ ಇರತ್ತೆ.”

ಆ ಟೇಬಲ್ ತೋರಿಸಿ ಎಂದೆ. ಝೆರಾಕ್ಸಿನ ಝೆರಾಕ್ಸು ಒಂದು ಪುಟ ತೆಗೆದರು. ಎಡಕ್ಕೆ ವಸ್ತುವಿನ ಹೆಸರು, ಬಲಕ್ಕೆ ಒಂದು ಘನ ಮೀಟರಿಗೆ ಎಷ್ಟು ಕಿಲೊ ಎಂಬ ಅಂಕಿ. ನಡುವೆ ಇನ್ನೊಂದು ಕಾಲಮ್ಮು ಇದ್ದಿರಬೇಕು, ಯಾವುದೋ ಝೆರಾಕ್ಸಿನಲ್ಲಿ ಪುಟ ಮಡಚಿಕೊಂಡು ಆ ಜಾಗದಲ್ಲಿ ಕಪ್ಪು ಪಟ್ಟಿ ಬಿದ್ದಿತ್ತು. ಸಡಿಲವಾಗಿ ತುಂಬಿದ ಕಸವೋ, ಯಂತ್ರದಲ್ಲಿ ಒತ್ತಿದ ಕಸವೋ, ಒದ್ದೆಯೋ, ಒಣಗಿದ್ದೋ, ಯಾವ ಊರಿನದೋ ಗೊತ್ತಿಲ್ಲ. ಹನ್ನೊಂದು ಜನರ ಮಾನ ಆ ಕಪ್ಪು ಪಟ್ಟಿಯ ಹಿಂದೆ ಕೂತಿತ್ತು. ನನಗೆ ಮೈಯೆಲ್ಲ ಉರಿಯಿತು.

“ಹಾಗಾದ್ರೆ ನೀವೇ ತೂಗಿ ತೋರಿಸಿ” ಎಂದರು ಸೆಕ್ರೆಟರಿ, ನನ್ನ ಮುಖ ನೋಡಿ.

“ತೋರಿಸ್ತೀನಿ” ಎಂದೆ. ಹೇಗೆ ಎಂದು ಆಗ ನನಗೇ ಗೊತ್ತಿರಲಿಲ್ಲ.

ಶೆಡ್ಡಿಗೆ ಬಂದು ವಿಷಯ ಹೇಳಿದೆ. ಹೆಂಗಸರಲ್ಲಿ ಹಿರಿಯಳನ್ನು ಎಲ್ಲರೂ ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಬಾಟಲಿಯ ಮೇಲಿನ ಲೇಬಲ್ಲು ಕೀಳುತ್ತ ಆಕೆ ಕೊನೆಯವರೆಗೆ ಕೇಳಿದಳು.

“ದಿನಾ ಮುನ್ನೂರೈವತ್ತ ಕಿಲೊ ಹೊತ್ಕೊಂಡ ಹೋಗಾಕ ನಮ್ಮ ನಡಾ ಏನ್ ಕ್ರೇನ್ ಏನ್ರಿ ಮೇಡಮ್?” ಎಂದಳು. “ಹೋಗ್ಲಿ, ಹೊತ್ತೀವಿ ಅಂತ ತಿಳೀರಿ. ಗೇಟಿನ್ಯಾಗ ಅವರದ ವಾಚ್‌ಮನ್ ಕುಂತಿರ್ತಾನ. ನಮ್ಮ ಬುತ್ತಿ ಡಬ್ಬಿ ಸೈತ ತಗದ ನೋಡ್ತಾನ. ಅವನೇನ್ ಕುಲ್ಡನ?”

ಎಲ್ಲರೂ ನಕ್ಕರು. ಆಯಿ ನಗಲಿಲ್ಲ. “ತೂಗೂದ ಐತೇನ್ರಿ? ತೂಗೋಣ” ಎಂದಳು.

ಒಳಗೆ ಬರುವ ಕಸವನ್ನು ನಾವು ಅಲ್ಲಿಯವರೆಗೆ ತೂಗುತ್ತಿರಲಿಲ್ಲ. ಅದು ನಮ್ಮ ತಪ್ಪು, ಒಪ್ಪುತ್ತೇನೆ. ಗಾಡಿ ಅರ್ಧ ಗಂಟೆಯಲ್ಲಿ ಖಾಲಿಯಾಗಿ ಬೇರೆ ಕೆಲಸಕ್ಕೆ ಹೋಗಬೇಕಿತ್ತು, ಆದ್ದರಿಂದ ನೆಲಕ್ಕೆ ಸುರಿದು ಕಳಿಸುತ್ತಿದ್ದೆವು. ವಿಂಗಡಿಸಿದ ಮೇಲೆ ಹೊರಗೆ ಹೋಗುವ ಚೀಲಗಳನ್ನು ಮಾತ್ರ ತೂಗಿ ಬರೆಯುತ್ತಿದ್ದೆವು. ಸೆಕ್ರೆಟರಿಯವರ ಲೆಕ್ಕ ನುಸುಳಿಕೊಂಡದ್ದು ಆ ಸಂದಿಯಿಂದಲೇ.

ನಾನು ಕಾಲೇಜಿನಲ್ಲಿ ಕಲಿತ ವಿಧಾನವನ್ನೇ ಹಿಡಿದೆ. ಮೇಲ್ಭಾಗ ಕತ್ತರಿಸಿದ ನೀಲಿ ಪ್ಲಾಸ್ಟಿಕ್ ಡ್ರಮ್ಮು ಒಂದನ್ನು ತೊಳೆದು, ಇಪ್ಪತ್ತು ಲೀಟರಿನ ನೀರಿನ ಕ್ಯಾನಿನಿಂದ ಹತ್ತು ಸಲ ತುಂಬಿಸಿದೆ. ನೀರು ನಿಂತ ಮಟ್ಟಕ್ಕೆ ಒಳಗಡೆ ಕೆಂಪು ಬಣ್ಣದ ಗೆರೆ ಹಾಕಿದೆ. ಅಲ್ಲಿಗೆ ಇನ್ನೂರು ಲೀಟರು. ಅಂಥ ಐದು ಡ್ರಮ್ಮು ಸೇರಿದರೆ ಒಂದು ಘನ ಮೀಟರು. ಖಾಲಿ ಡ್ರಮ್ಮಿನ ತೂಕ ಬರೆದುಕೊಂಡೆ. ನಮ್ಮ ಪ್ಲಾಟ್‌ಫಾರ್ಮ್ ಕಾಟಾದ ಮೇಲೆ ಪರಿಚಯದ ಕಿರಾಣಿ ಅಂಗಡಿಯಿಂದ ತಂದ ಸರ್ಕಾರಿ ಮುದ್ರೆಯ ತೂಕದ ಕಲ್ಲುಗಳನ್ನಿಟ್ಟು, ಕಾಟಾ ಸರಿಯಿದೆಯೆಂದು ನೋಡಿಕೊಂಡೆ. ಸಾಕ್ಷಿಗೆ ಒಕ್ಕೂಟದವರು ತಮ್ಮ ವಾಚ್‌ಮನ್‌ಗಳ ಸೂಪರ್‌ವೈಸರನ್ನು ಕಳಿಸಿದರು. ಅವನು ಪ್ರತಿ ಹಾಳೆಗೂ ಸಹಿ ಹಾಕಬೇಕು ಎಂಬ ಷರತ್ತು ನನ್ನದೇ.

“ಒಕ್ಕೂಟದವರು ನೋಡಾಕತ್ತಾರ, ಸರಿಯಾಗಿ ಅಳೀರಿ” ಎಂದು ಹೆಂಗಸರಿಗೆ ಹೇಳಿ ನಾನು ಕಾಟಾದ ಹತ್ತಿರ ಪುಸ್ತಕ ಹಿಡಿದು ಕೂತೆ. ಸುರಿದ ರಾಶಿ ಗಾಡಿಯ ಆಚೆ ಬದಿಗಿತ್ತು. ಅಲ್ಲಿಂದ ಡ್ರಮ್ಮು ತುಂಬಿ, ಸಣ್ಣ ಗಾಲಿಯ ಹಲಗೆಯ ಮೇಲಿಟ್ಟು ನೂಕಿಕೊಂಡು ಬರುತ್ತಿದ್ದರು. ಮೊದಲ ಡ್ರಮ್ಮು ಬಂದಾಗ ಆಯಿ “ಲಾಭ” ಎಂದಳು. ಧಾನ್ಯ ಅಳೆಯುವವರು ಒಂದು ಎನ್ನದೆ ಲಾಭ ಎನ್ನುವುದು ನಮ್ಮ ಕಡೆಯ ರೂಢಿ. ಮುಂಬಯಿಯ ಕಸಕ್ಕೂ ಆ ಮರ್ಯಾದೆ ಸಿಕ್ಕಿತಲ್ಲ ಎಂದು ನನಗೆ ಖುಷಿಯಾಯಿತು. ಡ್ರಮ್ಮಿನ ಮೇಲೆ ಸ್ವಲ್ಪ ಗೋಪುರ ಎದ್ದಿರುವುದು ಕಂಡಿತ್ತು. ಒಂದು ಹಿಡಿ ಹೆಚ್ಚಿಗೆ ಏನಾದೀತು ಎಂದು ಸುಮ್ಮನಾದೆ.

ಐದು ಡ್ರಮ್ಮುಗಳ ತೂಕ ಕೂಡಿಸಿದಾಗ ನೂರ ಹದಿನೆಂಟು ಕಿಲೊ ಬಂತು.

ಮತ್ತೆ ಕೂಡಿಸಿದೆ. ನೂರ ಹದಿನೆಂಟೇ. ಸೆಕ್ರೆಟರಿಯವರ ನೂರಿಪ್ಪತ್ತಕ್ಕೆ ಎರಡು ಮಾತ್ರ ಕಡಿಮೆ. ಸೂಪರ್‌ವೈಸರ್ ಕೆಳಗೆ ಸಹಿ ಹಾಕಿ, ಪೆನ್ನು ಜೇಬಿಗಿಟ್ಟುಕೊಂಡು, ನನ್ನ ಕಣ್ಣು ತಪ್ಪಿಸಿ ಹೊರಟುಹೋದ.

ಆ ಸಂಜೆ ಕಾಂಜೂರ್‌ಮಾರ್ಗದಿಂದ ದಾದರಿನವರೆಗೆ ಲೋಕಲ್‌ನಲ್ಲಿ ನಿಂತು ಬರುವಾಗ ನಾನು ಮಾಡಿದ್ದನ್ನು ಇಲ್ಲಿ ಬರೆಯಲೇಬೇಕು. ಹನ್ನೊಂದು ಜನರ ಮುಖಗಳನ್ನು ಒಂದೊಂದಾಗಿ ನೆನಪಿಗೆ ತಂದುಕೊಂಡೆ. ಯಾರ ತಮ್ಮನಿಗೆ ಗುಜರಿ ಅಂಗಡಿಯಿದೆ, ಯಾರು ಬೇಗ ಬಂದು ತಡವಾಗಿ ಹೋಗುತ್ತಾರೆ, ಪಂಪ್‌ಹೌಸಿನ ಹಿಂದಿನ ಗೋಡೆ ಎಷ್ಟು ಎತ್ತರ. ಎರಡು ವರ್ಷ ಅವರ ಜೊತೆ ಕೂತು ರೊಟ್ಟಿ ತಿಂದವಳು ನಾನು. ಒಂದು ಕೂಡುವ ಲೆಕ್ಕ ನನ್ನನ್ನು ಅಷ್ಟು ಬೇಗ ಆ ಕಡೆ ದಾಟಿಸಿಬಿಟ್ಟಿತು.

ಮರುದಿನ ಎಲ್ಲರಿಗಿಂತ ಮೊದಲೇ ಹೋದೆ. ಇನ್ನೊಮ್ಮೆ ಅಳೆಯೋಣ ಎಂದೆ. ಈ ಸಲ ಕಾಟಾದ ಹತ್ತಿರ ಕೂರದೆ ರಾಶಿಯ ಪಕ್ಕದಲ್ಲೇ ನಿಂತೆ. ಇಬ್ಬರು ಹೆಂಗಸರು ಬುಟ್ಟಿಯಿಂದ ಡ್ರಮ್ಮಿಗೆ ಸುರಿದರು. ಅರ್ಧ ತುಂಬುತ್ತಲೇ ಆಯಿ ಪಕ್ಕದ ಕ್ರೇಟಿನ ಮೇಲೆ ಹತ್ತಿ, ಸೀರೆ ಮೇಲೆ ಸಿಕ್ಕಿಸಿ, ಒಬ್ಬಳ ಹೆಗಲು ಹಿಡಿದು ಡ್ರಮ್ಮಿನ ಒಳಗೆ ಇಳಿದಳು. ಬೂಟು ಹಾಕಿದ ಕಾಲಿನಿಂದ ಸುತ್ತಲೂ ತುಳಿದಳು. ಬಾಟಲಿಗಳು ಪಟಪಟ ಒಡೆದವು, ರಟ್ಟಿನ ಡಬ್ಬಗಳು ಮಡಚಿಕೊಂಡವು. ಮತ್ತೆ ಸುರಿದರು, ಮತ್ತೆ ತುಳಿದಳು. ಕೆಂಪು ಗೆರೆ ಮುಟ್ಟಿದ ಮೇಲೆ ಇಳಿದು ಬಂದು, ಮೇಲೆ ಎರಡು ಬೊಗಸೆ ಹಾಕಿ ಗೋಪುರ ನಿಲ್ಲಿಸಿದಳು.

“ಆಯಿ, ಯಾಕ ತುಳೀತಿ?”

“ಮತ್ತ ಹೆಂಗ ಅಳೀಬೇಕ್ರಿ?” ಎಂದಳು. ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಿರಲಿಲ್ಲ. “ನಮ್ಮವ್ವ ಕಣದಾಗ ಜ್ವಾಳ ಅಳದ ಕೊಡ್ತಿದ್ಳು. ಸೇರು ಅಲ್ಲಾಡಿಸಿ, ಅಂಗೈಲೆ ಒತ್ತಿ, ಮ್ಯಾಲ ಗೋಪುರ ನಿಂದ್ರಿಸಿ ಕೊಡಬೇಕು. ಬರೇ ಅಂಚಿನ ಮಟಾ ತುಂಬಿ ಕೊಟ್ರ ಮಂದಿ ಏನಂದಾರು? ನೀವು ಸರಿಯಾಗಿ ಅಳೀರಿ ಅಂದ್ರಿ. ಅದಕ್ಕ ಸರಿಯಾಗಿ ಅಳದೀವಿ.”

ನಾನು ಅಲ್ಲೇ ಚೀಲದ ಮೇಲೆ ಕೂತುಬಿಟ್ಟೆ. ಕಡಿಮೆ ಅಳತೆ ಕೊಟ್ಟರೆಂಬ ಮಾತು ಬರಬಾರದೆಂದು ಕಾಲಿನಿಂದ ತುಳಿದು, ಮೇಲೆ ಗೋಪುರ ಹಾಕಿ ಕೊಟ್ಟಿದ್ದರು. ಆ ಗಟ್ಟಿ ಅಳತೆಯೇ ಅವರನ್ನು ಕಳ್ಳಿಯರನ್ನಾಗಿ ಮಾಡಿತ್ತು. ಗಾಡಿಯಲ್ಲಿ ಕಸ ಹಾಗೆ ಬರುವುದೇ ಇಲ್ಲ. ಆನ್‌ಲೈನ್ ಸಾಮಾನಿನ ರಟ್ಟಿನ ಡಬ್ಬಗಳು ಬಾಯಿ ತೆರೆದುಕೊಂಡೇ ಬರುತ್ತವೆ, ಮುಚ್ಚಳ ಹಾಕಿದ ಬಾಟಲಿಗಳ ಹೊಟ್ಟೆಯಲ್ಲಿ ಗಾಳಿ. ಜಾಲರಿ ಕಟ್ಟಿದ ಆ ಗಾಡಿ ಅರ್ಧಕ್ಕಿಂತ ಹೆಚ್ಚು ಗಾಳಿಯನ್ನೇ ಹೊತ್ತು ತರುತ್ತಿತ್ತು.

“ಆಯಿ” ಎಂದೆ. “ನಿನ್ನೆ ಸಂಜಿಕೆ ನಾನೂ ನಿಮ್ಮ ಮ್ಯಾಲ ಅನುಮಾನ ಪಟ್ಟೆ.”

ಅವಳು ಬೂಟಿಗೆ ಅಂಟಿದ್ದ ಲೇಬಲ್ಲು ಕಿತ್ತು ಎಸೆದಳು. ನನ್ನನ್ನು ಯಾವಾಗಲೂ ಮೇಡಮ್ ಎಂದು, ನೀವು ಎಂದು ಕರೆಯುತ್ತಿದ್ದವಳು.

“ನೀನೂ?”

“ಹೂಂ.”

“ಈಗ?”

“ಈಗ ನಾಚಿಕಿ ಬಂದೈತಿ.”

“ಬರ್ಲಿ ತಂಗಿ. ನಾಕ ದಿನ ಇರ್ಲಿ ಅದು” ಎಂದಳು ಆಯಿ.

ಅವತ್ತು ತುಳಿಯದೆ, ಅಲ್ಲಾಡಿಸದೆ, ಗಾಡಿಯಿಂದ ಇಳಿದದ್ದನ್ನು ಇಳಿದ ಹಾಗೇ ಡ್ರಮ್ಮಿಗೆ ಹಾಕಿ, ಕೆಂಪು ಗೆರೆಯ ಮಟ್ಟಕ್ಕೆ ಸಮ ಮಾಡಿದೆವು. ಹೆಂಗಸರಿಗೆ ಅದು ಅಸಹ್ಯವೆನ್ನಿಸುತ್ತಿತ್ತು. ಒಬ್ಬಳಂತೂ “ಹಿಂಗ ಅಳದ್ರ ನಗ್ತಾರ್ರಿ” ಎನ್ನುತ್ತಲೇ ಇದ್ದಳು. ಐದು ಡ್ರಮ್ಮು ಸೇರಿ ಐವತ್ತೇಳು ಕಿಲೊ. ಐದೂವರೆಯಿಂದ ಗುಣಿಸಿದರೆ ನಮ್ಮ ರಿಜಿಸ್ಟರಿನ ಮುನ್ನೂರ ಹತ್ತರ ಮಗ್ಗುಲಿಗೇ ಬಂದು ನಿಲ್ಲುತ್ತಿತ್ತು.

ಸೂಪರ್‌ವೈಸರ್ ಸಹಿ ಹಾಕುತ್ತ ನನ್ನ ಕಡೆ ಬಾಗಿದ. “ಮೇಡಮ್, ಪೆಹಲಾ ವಾಲಾ ಕಾಗಜ್ ಫಾಡ್ ದೂಂ ಕ್ಯಾ? ಕಿಸೀಕೊ ಪತಾ ನಹೀ ಚಲೇಗಾ.” ಮೊದಲ ಹಾಳೆ ಹರಿದುಹಾಕಲೇ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಅವನ ಕಳಕಳಿ. ಆ ಕ್ಷಣ ನನಗೂ ಆಸೆಯಾಯಿತು. ಆಯಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು.

“ಅದ ನಾ ತುಂಬಿದ್ದು” ಎಂದಳು. “ಸುಳ್ಳಲ್ಲ ಅದು. ಯಾಕ ಹರೀಬೇಕು?”

ಎರಡೂ ಹಾಳೆ ಸೆಕ್ರೆಟರಿಯವರ ಮೇಜಿಗೆ ಹೋದವು. ಅವರು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡರು.

“ಮೊದಲು ನೂರ ಹದಿನೆಂಟು ಬಂತು. ನಿಮಗೆ ಹಿಡಿಸ್ಲಿಲ್ಲ. ಮೆಥಡ್ ಬದಲಾಯಿಸಿದ್ರಿ, ಐವತ್ತೇಳು ಬಂತು. ನಾಳೆ ಇನ್ನೊಂದು ಮೆಥಡ್‌ನಲ್ಲಿ ಮೂವತ್ತು ತರ್ತೀರಿ. ನಾನು ಯಾವುದನ್ನ ನಂಬ್ಲಿ ಮೇಡಮ್?”

ನನಗೆ ಸಿಟ್ಟು ಬಂತು. ಸಿಟ್ಟು ಬರಲು ಮುಖ್ಯ ಕಾರಣ ಅವರು ಹೇಳಿದ್ದು ಸರಿಯಾಗಿತ್ತು ಎಂಬುದೇ. ಡ್ರಮ್ಮು ಎಷ್ಟೇ ಕಷ್ಟಪಟ್ಟರೂ ಡ್ರಮ್ಮಿನ ವಿಷಯವನ್ನಷ್ಟೇ ಹೇಳುತ್ತದೆ. ಗಾಡಿಯೊಳಗೆ ಕಸ ಎಷ್ಟು ಸಡಿಲವಾಗಿ ಕೂತಿದೆ ಎಂಬುದನ್ನು ಗಾಡಿಯೇ ಹೇಳಬೇಕು. ಹಾಗಾದರೆ ಗಾಡಿಯನ್ನೇ ತೂಗಬೇಕು, ತುಂಬಿದ್ದನ್ನೂ ಖಾಲಿಯದನ್ನೂ. ಅದಕ್ಕೆ ಲಾರಿ ತೂಗುವ ದೊಡ್ಡ ಕಾಟಾ ಬೇಕು, ಮತ್ತು ಈ ಸಲ ‘ಮೆಥಡ್’ ಎಂಬ ಮಾತು ಅವರ ಬಾಯಿಂದ ಬರಕೂಡದು.

ಶೆಡ್ಡಿನಲ್ಲಿ ಎಲ್ಲರೂ ನೆಲದ ಮೇಲೆ ಕೂತೆವು. ನನ್ನ ಯೋಚನೆ ಹೇಳಿದೆ: ಮೂರು ದಿನ ತೂಗೋಣ, ಯಾವ ಮೂರು ದಿನ ಎಂದು ಅವರೇ ಆರಿಸಲಿ, ಯಾವ ಕಾಟಾ ಎಂದೂ ಅವರೇ ಆರಿಸಲಿ. ಸರಾಸರಿ ಆರುನೂರು ದಾಟಿದರೆ ಜಾಗ ಬಿಡುತ್ತೇವೆಂದು ಬರೆದುಕೊಡೋಣ.

“ಆರನೂರ ಯಾಕ?” ಎಂದಳು ಆಯಿ. “ನಾನೂರ ಬರೀರಿ. ಸರಾಸರಿನೂ ಬ್ಯಾಡ. ಮೂರರಾಗ ಒಂದ ದಿನ ನಾನೂರ ದಾಟಿದ್ರೂ ನಾವಾಗೇ ಕೀಲಿ ಕೊಟ್ಟ ಹೋಗ್ತೀವಿ ಅಂತ ಬರೀರಿ.”

“ಆಯಿ, ಮಳೆಗಾಲ. ರಟ್ಟು ಒದ್ದೆಯಾದ್ರ ತೂಕ ಏರತೈತಿ. ಅಷ್ಟ ಬಿಗಿ ಬ್ಯಾಡ.”

“ಸಡ್ಲ ಬರದ್ರ ಅವರು ಇನ್ನೂ ಸಡ್ಲ ಕೇಳ್ತಾರ ತಂಗಿ. ನಾವೇನ್ ಕದ್ದೀವೇನು? ಬರೀ.”

ಹನ್ನೊಂದು ಜನ ಸಹಿ ಹಾಕಿದರು. ನಾನು ಕೂಡ ಹಾಕಿದೆ. ಪತ್ರ ಕೊಟ್ಟಾಗ ಸೆಕ್ರೆಟರಿಯವರು ನಾನೂರು ಎಂಬಲ್ಲಿ ಕನ್ನಡಕ ಸರಿಪಡಿಸಿಕೊಂಡು ಮತ್ತೊಮ್ಮೆ ಓದಿದರು. ಕಾಂಜೂರಿನ ಕಡೆ ಹೋಗುವ ರಸ್ತೆಯಲ್ಲಿ ಲಾರಿ ತೂಗುವ ಒಂದು ಧರ್ಮಕಾಟಾವನ್ನು ಅವರೇ ಗೊತ್ತುಮಾಡಿದರು.

ಮೊದಲ ದಿನ ಬಿಸಿಲಿತ್ತು. ತುಂಬಿದ ಗಾಡಿಯನ್ನು ಕಾಟಾದ ಮೇಲೆ ನಿಲ್ಲಿಸಿ ಚೀಟಿ ತೆಗೆದುಕೊಂಡೆವು. ಶೆಡ್ಡಿಗೆ ಬಂದು ಖಾಲಿ ಮಾಡಿ, ಮತ್ತೆ ಹೋಗಿ ನಿಲ್ಲಿಸಿ ಇನ್ನೊಂದು ಚೀಟಿ. ಕಳೆದಾಗ ಬಂದದ್ದು ಮುನ್ನೂರ ತೊಂಬತ್ತು. ಬಿಸಿಲಿನ ದಿನವೇ ಇಷ್ಟಾದರೆ ಮಳೆ ಬಂದ ದಿನ ಕತೆ ಮುಗಿದಂತೆಯೇ. ಸೆಕ್ರೆಟರಿಯವರು ಚೀಟಿಯ ಫೋಟೊ ತೆಗೆದುಕೊಂಡರು. ನಾನು ಎರಡೂ ಚೀಟಿ ಹಿಡಿದು ಗಾಡಿಯ ಸುತ್ತ ತಿರುಗಿದೆ. ಚಾಲಕನ ಸೀಟು ಖಾಲಿಯಿತ್ತು. ಅವನು ರಸ್ತೆಯಾಚೆ ವಡಾಪಾವ್ ತಿನ್ನುತ್ತ ನಿಂತಿದ್ದ.

“ತುಂಬಿದ ಗಾಡಿ ತೂಗುವಾಗ ನೀನೆಲ್ಲಿದ್ದಿ?” ಎಂದು ಕೂಗಿದೆ. ಅವನು ಬೆಳಗಾವಿಯವನು.

“ಒಳಗ ಕುಂತಿದ್ನಿರಿ. ಸ್ಟೇರಿಂಗ್ ಮ್ಯಾಲ.”

“ಈಗ?”

“ಈಗ ಹಸಿವ್ಯಾತಲ್ರಿ.”

ಅವನನ್ನು ಕೂರಿಸಿ ಖಾಲಿ ಗಾಡಿ ಮತ್ತೆ ತೂಗಿಸಿದೆ. ವ್ಯತ್ಯಾಸ ಮುನ್ನೂರ ಹತ್ತಕ್ಕೆ ಇಳಿಯಿತು. ಅಷ್ಟೊಂದು ಹೇಗೆ ಎಂದು ಸೆಕ್ರೆಟರಿಯವರು ತಕರಾರೆತ್ತಿದರು. ಶೆಡ್ಡಿನ ಸಣ್ಣ ಕಾಟಾದ ಮೇಲೆ ಚಾಲಕನನ್ನೇ ನಿಲ್ಲಿಸಿದೆವು. ಎಪ್ಪತ್ತೆಂಟು ಕಿಲೊ, ವಡಾಪಾವ್ ಸೇರಿ. ಧರ್ಮಕಾಟಾ ಹತ್ತು ಹತ್ತು ಕಿಲೊ ಹೆಜ್ಜೆಯಲ್ಲಿ ಮಾತ್ರ ತೋರಿಸುತ್ತಿದ್ದುದರಿಂದ, ಅವತ್ತಿನ ಸರಕನ್ನೆಲ್ಲ ಚೀಲ ಚೀಲವಾಗಿಯೂ ತೂಗಿದೆವು. ಮುನ್ನೂರ ಆರು ಬಂತು. ಸೂಪರ್‌ವೈಸರ್ ಸಹಿ ಹಾಕಿದ, ಈ ಸಲ ನನ್ನ ಮುಖ ನೋಡಿಯೇ.

ಎರಡನೆಯ ದಿನಕ್ಕೆ ಸೆಕ್ರೆಟರಿಯವರು ಆರಿಸಿದ್ದು ಜೋರು ಮಳೆಯ ದಿನವನ್ನೇ. ಬೆಳಿಗ್ಗೆ ಫೋನ್ ಮಾಡಿ “ಇವತ್ತು” ಎಂದರು, ಅಷ್ಟೆ. ಗಾಡಿ ಹೊರಡುವ ಮೊದಲು ತಾಡಪಾಲು ಹೊದಿಸೋಣವೇ ಎಂದು ಚಾಲಕ ಕೇಳಿದ. ಬೇರೆ ದಿನ ಹೊದಿಸುತ್ತೀಯಾ ಎಂದೆ. ಇಲ್ಲ ಎಂದ. ಹಾಗಾದರೆ ಇವತ್ತೂ ಬೇಡ ಎಂದೆ. ರಟ್ಟುಗಳು ನೀರು ಕುಡಿದು ಜೋತುಬಿದ್ದಿದ್ದವು. ಜಾಲರಿಯ ತಳದಿಂದ ನೀರು ಸುರಿಯುತ್ತಿತ್ತು. ತುಂಬಿದಾಗಲೂ ಖಾಲಿಯಾದಾಗಲೂ ಚಾಲಕನನ್ನು ಇಳಿಸಿ, ನಾನೇ ಅವನ ಪಕ್ಕದಲ್ಲಿ ಕೊಡೆ ಹಿಡಿದು ನಿಂತೆ.

ಮುನ್ನೂರ ತೊಂಬತ್ತು.

ಹತ್ತು ಕಿಲೊದಲ್ಲಿ ಹನ್ನೊಂದು ಜನ ಉಳಿದರು. ಅದರಲ್ಲಿ ನೀರು ಎಷ್ಟು ಎಂದು ತಿಳಿಯಲು ಒಂದು ರಟ್ಟಿನ ಕಟ್ಟನ್ನು ತೂಗಿ, ಶೆಡ್ಡಿನೊಳಗೆ ಹಗ್ಗಕ್ಕೆ ನೇತುಹಾಕಿ, ಒಣಗಿದ ಮೇಲೆ ಮತ್ತೆ ತೂಗಿದೆ. ಮೂರನೆಯ ಒಂದು ಪಾಲು ನೀರೇ. ಅದನ್ನು ಕಳೆದು ಬರೆಯಬಹುದಿತ್ತು. ಕಳೆಯಲಿಲ್ಲ. ಬಂದ ತೂಕವನ್ನು ಬಂದ ಹಾಗೆ ಬರೆದು, ಪಕ್ಕದಲ್ಲಿ ‘ಮಳೆ, ರಟ್ಟು ಒದ್ದೆ’ ಎಂದಷ್ಟೇ ಸೇರಿಸಿದೆ.

ಮೂರನೆಯ ದಿನ ಮುನ್ನೂರು ಬಂತು. ಸೆಕ್ರೆಟರಿಯವರು ಗಾಡಿಯ ಹಿಂದೆಯೇ ಶೆಡ್ಡಿಗೆ ಬಂದಿದ್ದರು, ಅದೇ ಮೊದಲ ಸಲ. ಕರವಸ್ತ್ರ ಮೂಗಿಗೆ ಹೋಗುವ ಮೊದಲೇ ಆಯಿ ಒಂದು ಜೊತೆ ಗ್ಲೌಸು ತಂದು ಅವರ ಮುಂದೆ ಹಿಡಿದಳು.

“ನೀವ ಒಂದ ಡ್ರಮ್ ತುಂಬ್ರಿ ಸಾಹೇಬ್ರ. ಗೆರಿ ಮಟಾ.”

ಅವರು ನನ್ನ ಕಡೆ ನೋಡಿದರು. ನಾನು ಸಹಾಯಕ್ಕೆ ಹೋಗಲಿಲ್ಲ. ಎರಡು ಬೆರಳಿನಲ್ಲಿ ಬಾಟಲಿ ಎತ್ತಿಹಾಕಿದರು, ಡಬ್ಬಗಳನ್ನು ಮೆಲ್ಲಗೆ ಇಟ್ಟರು. ಗೆರೆ ಮುಟ್ಟಲು ಬಹಳ ಹೊತ್ತೇನೂ ಬೇಕಾಗಲಿಲ್ಲ. ತೂಕ ಹತ್ತೂವರೆ ಕಿಲೊ, ಎಂದರೆ ಘನ ಮೀಟರಿಗೆ ಐವತ್ತೆರಡೂವರೆ. ಆಮೇಲೆ ಆಯಿ ಅದೇ ಡ್ರಮ್ಮಿಗೆ ಇಳಿದು ತುಳಿದಳು. ಅವರು ತುಂಬಿದ್ದು ಅರ್ಧಕ್ಕೂ ಕೆಳಗೆ ಕುಸಿಯಿತು. ಸೆಕ್ರೆಟರಿಯವರು ಡ್ರಮ್ಮಿನೊಳಗೆ ಬಾಗಿ ನೋಡಿದರು. ಎಂಜಿನಿಯರಾಗಿದ್ದವರು, ಅವರಿಗೆ ಹೆಚ್ಚು ಹೇಳಬೇಕಾದ್ದೇನೂ ಇರಲಿಲ್ಲ.

ಎರಡು ದಿನದಲ್ಲಿ ಪತ್ರ ಬಂತು. ಶೆಡ್ಡಿನ ಅವಧಿ ಒಂದು ವರ್ಷ ಮುಂದುವರಿಸಲಾಗಿದೆ. ನಾನು ಖುಷಿಯಿಂದ ಓದಿ ಹೇಳಿದೆ. ಹೆಂಗಸರು ಚಪ್ಪಾಳೆ ತಟ್ಟಿದರು. ಆಯಿ ಕೇಳಿದಳು:

“ಲೀಕೇಜ್ ಅಂತ ಬರದಿದ್ದು?”

“ಅದರ ಸುದ್ದಿ ಇದರಾಗ ಇಲ್ಲ ಆಯಿ.”

“ಹಂಗಾರ ಅದು ಅಲ್ಲೇ ಐತಿ.”

ಸೆಕ್ರೆಟರಿಯವರನ್ನು ಕೇಳಿದೆ. “ಅದು ಇಂಟರ್ನಲ್ ಮಿನಿಟ್ಸು ಮೇಡಮ್. ಯಾರು ಓದ್ತಾರೆ? ಜಾಗ ಸಿಕ್ತಲ್ಲ, ಬಿಡಿ” ಎಂದರು. ನನ್ನ ಸಂಸ್ಥೆಯ ಮೇಲಿನವರೂ ಫೋನ್ ಮಾಡಿ ಅದನ್ನೇ ಹೇಳಿದರು: ಜಾಗ ಸಿಕ್ಕಿದೆ, ಇನ್ನು ಎಳೆದಾಡಬೇಡ. ಹೆಂಗಸರಿಗೆ ಹಾಗೇ ತಿಳಿಸಿದೆ. ಆಮೇಲೆ ನನ್ನ ಕೈಚೀಲ ಗೂಟಕ್ಕೆ ನೇತುಹಾಕಿ ಅವರ ಸಾಲಿನಲ್ಲೇ ಕೂತೆ. ಆಯಿ ಸ್ವಲ್ಪ ಸರಿದು ಜಾಗ ಕೊಟ್ಟಳು.

ಮರುದಿನ ಗಾಡಿ ಬಂದಾಗ ಯಾರೂ ಏಳಲಿಲ್ಲ. ಮಿನಿಟ್ಸಿನಲ್ಲಿರುವ ಲೀಕೇಜಿನ ಆ ಸಾಲು ಹೊಡೆದುಹಾಕುವವರೆಗೆ ಗಾಡಿ ಇಳಿಸುವುದಿಲ್ಲ ಎಂದು ಆಯಿ ಚಾಲಕನ ಕೈಯಲ್ಲೇ ಹೇಳಿ ಕಳಿಸಿದಳು. ಗಾಡಿ ತುಂಬಿದ್ದು ತುಂಬಿದ ಹಾಗೇ ನಿಂತಿತು. ಮೂರನೆಯ ದಿನಕ್ಕೆ ಕಟ್ಟಡಗಳ ಪಾರ್ಕಿಂಗಿನಲ್ಲಿ ರಟ್ಟಿನ ರಾಶಿ ಕಾರುಗಳ ಬಾನೆಟ್ಟಿನ ಮಟ್ಟಕ್ಕೆ ಬಂದಿದೆ ಎಂದು ಸೂಪರ್‌ವೈಸರ್ ಬಂದು ಹೇಳಿದ. ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ. ಘನ ಮೀಟರ್ ಎಂದರೆ ಎಷ್ಟು ಎಂದು ಈಗ ಎಲ್ಲ ಮಹಡಿಯವರಿಗೂ ಗೊತ್ತಾಗಿರಬೇಕು ಎಂದೆ.

ಆ ಸಂಜೆ ಸೆಕ್ರೆಟರಿಯವರು ತಾವೇ ಬಂದರು. ಕೈಯಲ್ಲಿದ್ದ ಹಾಳೆಯನ್ನು ನನಗೆ ಕೊಡಲು ಬಂದವರು, ಏನೆನ್ನಿಸಿತೋ, ಆಯಿಯ ಕಡೆ ಚಾಚಿದರು. ಆಯಿ ಗ್ಲೌಸು ಕಳಚಿ ತೆಗೆದುಕೊಂಡು ನನ್ನ ಕೈಗಿತ್ತಳು. ಸೋರಿಕೆಯಾಗಿದೆ ಎಂಬ ಹಿಂದಿನ ದಾಖಲೆಯನ್ನು ತೆಗೆದುಹಾಕಲಾಗಿದೆ, ತಪ್ಪು ಒಕ್ಕೂಟ ಬಳಸಿದ ಅಂಕಿಯದು, ಕೆಲಸಗಾರರದ್ದಲ್ಲ ಎಂದು ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಓದಿ ಹೇಳಿದೆ. ಇನ್ನೊಮ್ಮೆ ಓದು ಎಂದಳು. ಓದಿದೆ. ಆಮೇಲೆ ಎದ್ದು ಗಾಡಿಯ ಹಿಂದಿನ ಕೊಂಡಿ ತೆಗೆದಳು.

ಈಗ ಶೆಡ್ಡಿನ ಗೋಡೆಯ ಮೇಲೆ ನಮ್ಮದೇ ಒಂದು ಪಟ್ಟಿ ಇದೆ. ವಸ್ತು, ಹೇಗೆ ತುಂಬಿದ್ದು, ಘನ ಮೀಟರಿಗೆ ಎಷ್ಟು ಕಿಲೊ, ತೂಗಿದವರು ಯಾರು. ಕೊನೆಯ ಕಾಲಮ್ಮಿನಲ್ಲಿ ಹನ್ನೊಂದು ಜನರ ಹೆಸರೂ ಒಂದಲ್ಲ ಒಂದು ಸಾಲಿನಲ್ಲಿ ಬರುತ್ತದೆ. ಮೇಲಿನ ಸಾಲು, ‘ಎಲ್ಲ ಕೂಡಿದ್ದು, ತುಳಿದು, ಮೇಲೆ ಗೋಪುರ ಹಾಕಿ, ನೂರ ಹದಿನೆಂಟು’. ಒಮ್ಮೆ ಬೇರೆ ಕಟ್ಟಡದವರನ್ನು ಶೆಡ್ಡು ತೋರಿಸಲು ಕರೆತಂದ ಸೆಕ್ರೆಟರಿಯವರು ಆ ಸಾಲನ್ನು ತೆಗೆಸಿದರೆ ಒಳ್ಳೆಯದು, ನೋಡಿದವರಿಗೆ ಗೊಂದಲವಾಗುತ್ತದೆ ಎಂದರು.

“ಅದು ಇರ್ಲಿ ಸಾಹೇಬ್ರ” ಎಂದಳು ಆಯಿ, ರಾಶಿಯಿಂದ ತಲೆಯೆತ್ತದೆ. “ನಿಮ್ಮ ನೂರಿಪ್ಪತ್ತು ಯಾರ ತೂಗಿದ್ರು ನಿಮಗ ಗೊತ್ತಿಲ್ಲ. ಅದು ನಾ ತೂಗಿದ್ದು.”